ಎರಡು ಹೊಂಡಕ್ಕೆ ಒಂದೇ ಪಂಕ್ತಿ

ಯಾವಗಲ್,
೧೮ ನವೆಂಬರ್ ೨೦೨೪

ನಮ್ಮ ಮೀನಿನ ಡಾಕ್ಟರಮ್ಮ ಮಯೂರಿಗೆ ರೇಣುಕವ್ವನ ಆಶೀರ್ವಾದಗಳು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಮೊದಲು ಸಿಹಿ ಸುದ್ದಿ. ಹೋದ ವರ್ಷ ನಮ್ಮ ಎರಡೂ ಕೃಷಿಹೊಂಡದ ಮೀನೆಲ್ಲ ಮೈಮೇಲೆ ಹುಣ್ಣೆದ್ದು ತೇಲಿದ್ದವಲ್ಲ, ಈ ಸಲ ಒಂದೂ ಸಾಯಲಿಲ್ಲ ತಾಯಿ. ಗಜೇಂದ್ರಗಡದಿಂದ ಕೊಳ್ಳಲು ಬಂದ ಜಂಗ್ಲಿಸಾಬ ಒಂದು ಕಾಟ್ಲಾ ಮೀನು ಎತ್ತಿ ನೋಡಿ, ಮೀನು ತಿನ್ನದವರ ಮನೆಯಲ್ಲಿ ಇಂಥವು ಹೇಗೆ ಬೆಳೆದವು ಎಂದು ನಕ್ಕ. ಹೊಂಡ ಮುಚ್ಚಿಸುತ್ತೇನೆಂದು ಹಟ ಹಿಡಿದಿದ್ದ ನಮ್ಮ ಮನೆಯವರು ಈಗ ಬಂದವರಿಗೆಲ್ಲ ನಿನ್ನ ಸತುವಿನ ನ್ಯಾನೋ ಪುಡಿಯ ಪುರಾಣ ಹೇಳುತ್ತಾರೆ. ಅದರ ಕಣ ಕಣ್ಣಿಗೂ ಕಾಣುವುದಿಲ್ಲವಂತೆ, ಇವರೇ ಕಂಡುಹಿಡಿದ ಹಾಗೆ! ನಿನ್ನ ಋಣ ದೊಡ್ಡದು ಮಯೂರಿ.

ನಾನು ಅದನ್ನು ತೀರಿಸಿದ ರೀತಿ ಕೇಳು. ಪುಡಿಯ ಗುಣ ಹೋಲಿಸಿ ನೋಡಲು ಎಡಗಡೆ ಹೊಂಡಕ್ಕೆ ಪುಡಿ ಕಲೆಸಿದ ಮೇವು, ಬಲಗಡೆಗೆ ಬರೀ ಶೇಂಗಾ ಹಿಂಡಿ, ತೌಡು ಎಂದು ನೀನು ಹೇಳಿದ್ದೆ. ಆರು ತಿಂಗಳಿಗೆ ತೂಗಿದರೆ ಎರಡೂ ಕಡೆ ಒಂದೇ ತೂಕ. ಪುಡಿಯಿಂದ ಏನೂ ಆಗಿಲ್ಲವೆಂದು ನಿಮ್ಮ ಗುರುಗಳು ಪ್ರಬಂಧ ತಿರುಗಿಸಿ ಕೊಟ್ಟರಂತೆ. "ಹೊಳಿಯಾಗ ಹುಣಸಿಹಣ್ಣು ಕಿವುಚಿದಂಗಾತ್ರಿ, ಅವ್ವಾರ" ಅಂತ ನೀನು ಫೋನಿನಲ್ಲಿ ಕಣ್ಣೀರು ಹಾಕಿದೆ. ನಾನು ಮೇವು ಹಾಕುವ ಹೊತ್ತಾಯಿತೆಂದು ಫೋನಿಟ್ಟೆ.

ತಪ್ಪು ಪುಡಿಯದಲ್ಲ, ನನ್ನದು. ನಾಲ್ಕು ದಿನ ನೀನು ಹೇಳಿದಂತೆಯೇ ಹಾಕಿದೆ. ಐದನೆಯ ದಿನ ಬಲಗಡೆಯವು ದಂಡೆಗೆ ಬಂದು ಬಾಯಿ ತೆರೆದವು. ಊಟಕ್ಕೆ ಬಡಿಸುವಾಗ ಒಬ್ಬರಿಗೆ ತುಪ್ಪ ಹಾಕಿ ಇನ್ನೊಬ್ಬರಿಗೆ ಬಿಟ್ಟರೆ ನಮ್ಮತ್ತೆ ಕೈ ಹಿಡಿಯುತ್ತಿದ್ದರು. ಪಂಕ್ತಿಭೇದದಂಥ ಪಾಪ ಇನ್ನೊಂದಿಲ್ಲ ಅನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅಂದಿನಿಂದ ಪುಡಿಯನ್ನು ಎರಡೂ ಹೊಂಡಕ್ಕೆ ಅರ್ಧರ್ಧ ಹಂಚಿದೆ. ಪೊಟ್ಟಣಗಳು ನೀನು ಹೇಳಿದ ದಿನಕ್ಕೇ ಮುಗಿದವು, ನಿನಗೆ ಅನುಮಾನ ಬರಲಿಲ್ಲ.

ಈ ಕಾಗದವನ್ನು ನಿಮ್ಮ ಗುರುಗಳಿಗೆ ತೋರಿಸು. ಬೈಯುವುದಿದ್ದರೆ ನನ್ನನ್ನು ಬೈಯಲಿ, ನಿನಗೆ ಇನ್ನೊಂದು ಅವಕಾಶ ಕೊಡಲಿ. ಎರಡೂ ಹೊಂಡ ನಿನ್ನವೇ.

ನಿನ್ನ ಕೆಲಸ ಕೆಡಿಸಿದ,
ರೇಣುಕವ್ವ

ತಾ.ಕ.: ಹೊಸ ಮರಿ ಬಿಟ್ಟಾಗಿದೆ, ಪುಡಿ ಕಳಿಸು. ಈ ಸಲ ಬಲಗಡೆಗೆ ಮೇವು ಹಾಕುವವರು ನಮ್ಮ ಮನೆಯವರು. ಹೆದರಬೇಡ. ಮದುವೆಯಾಗಿ ಮೂವತ್ತು ವರ್ಷವಾಯಿತು, ತಮ್ಮ ತಾಟು ಬಿಟ್ಟು ಇನ್ನೊಬ್ಬರ ತಾಟಿನಲ್ಲಿ ಏನಿದೆಯೆಂದು ಅವರು ಒಂದು ದಿನವೂ ನೋಡಿದವರಲ್ಲ.