ಹತ್ತು ನಿಮಿಷ ತಡವಾಗಿ ಊಟಕ್ಕೆ ಕರೆಯಿರಿ

ಗದಗ, ಫೆಬ್ರವರಿ ೩೦, ೨೨೬೮

ಡಿಯರ್ ಮೇಡಂ, ಅಂದರೆ ಸಂಜೆ ಮಗಳನ್ನು ಊಟಕ್ಕೆ ಕರೆಯುವ ತಾಯಿಯವರೇ,

ತಾರೀಖು ನೋಡಿ ಕಾಗದ ಹರಿಯಬೇಡಿ. ಫೆಬ್ರವರಿಗೆ ನಾವು ಎರಡು ದಿನ ಕೂಡಿಸಿ ಬಹಳ ಕಾಲವಾಯಿತು. ಐ ಬೆಗ್ ಟು ಸ್ಟೇಟ್... ಮುಂದಿನದು ಮರೆತೆ. ಕಾಲೇಜಿನಲ್ಲಿ ಎರಡು ವರ್ಷ ಹಳೆಯ ಇಂಗ್ಲಿಷ್ ಓದಿದವನು, ಬೇಕಾದಾಗಲೇ ಅದು ಕೈಕೊಡುತ್ತದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದಂಚೆ, ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಅದೂ ಇನ್ನೂರು ವರ್ಷಕ್ಕಿಂತ ಈಚೆಗೆ ಮುಟ್ಟುವುದಿಲ್ಲ. ಮುಟ್ಟುವಂತಿದ್ದರೆ ನನ್ನ ಹೆಂಡತಿ ನೀಲಾಂಬಿಕೆಗೆ ಬರೆಯುತ್ತಿದ್ದೆ. ಅವಳು ತೀರಿಕೊಂಡು ಮೂರು ವರ್ಷವಾಯಿತು. ಇರಲಿ, ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಕೈಪೆಟ್ಟಿಗೆ ಎಂಬ ವಾದ್ಯವಿದೆ, ಕರೆಂಟಿನದು. ಅದರ ಎರಡು ಹಿತ್ತಾಳೆ ಹಿಡಿಕೆಗಳನ್ನು ಇಬ್ಬರು ತಲಾ ಒಂದೊಂದರಂತೆ ಹಿಡಿಯಬೇಕು. ಒಬ್ಬರು ಇನ್ನೊಬ್ಬರ ತೋಳು ಮುಟ್ಟಿದರೆ ಸ್ವರ ಹೊರಡುತ್ತದೆ: ಮಣಿಕಟ್ಟಿನ ಹತ್ತಿರ ಸಣ್ಣದು, ಮೊಳಕೈ ಹತ್ತಿರ ದಪ್ಪದು. ಒಬ್ಬರೇ ಹಿಡಿದರೆ ಅದು ಬರೀ ಪೆಟ್ಟಿಗೆ. ಮೂರು ವರ್ಷ ನಮ್ಮದೂ ಬರೀ ಪೆಟ್ಟಿಗೆಯಾಗಿತ್ತು, ಮೇಲೆ ಒಣಗಿದ ಬಟ್ಟೆ ಇಡುತ್ತಿದ್ದೆ.

ಅದರಲ್ಲಿ ನುಡಿಸುವುದೆಲ್ಲ ನಿಮ್ಮ ಕಾಲದ ವಿಡಿಯೋ ಗೇಮಿನ ಸಂಗೀತ. ಆಟಗಳು ಅಳಿದವು, ಸಂಗೀತ ಉಳಿಯಿತು. ಎಲ್ಲಕ್ಕಿಂತ ಹೆಸರಾದದ್ದು ನಿಮ್ಮ ಮನೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದಿಟ್ಟದ್ದು. ನಿಮ್ಮ ಮಗಳು ಆಡುತ್ತಾಳೆ, ರಾಗ ಏರುತ್ತದೆ, ಓಡುತ್ತದೆ, ಒಮ್ಮೆಲೇ ಮೂರು ಸ್ವರ ಕೆಳಗೆ ಬೀಳುತ್ತದೆ. ಅವಳು "ಥೂ!" ಅನ್ನುತ್ತಾಳೆ. ಮತ್ತೆ ಮೊದಲಿನಿಂದ. ನಾವು ಆ "ಥೂ"ವನ್ನೂ ಕಲಿತಿದ್ದೇವೆ. ಮದುವೆಯಲ್ಲಿ ನುಡಿಸಿದಾಗ ಇಡೀ ಮಂಟಪ, ಮದುಮಕ್ಕಳ ಸಮೇತ, ತಾಳ ತಪ್ಪದೆ "ಥೂ!" ಅನ್ನುತ್ತದೆ.

ನೀಲಾಂಬಿಕೆ ಮಾತ್ರ ಒಪ್ಪುತ್ತಿರಲಿಲ್ಲ. "ಆ ಕೂಸು ಆಟದಾಗ ಸೋತು ಸಿಟ್ಟಿಗೆ ಥೂ ಅಂದೈತ್ರೀ. ಅದನ್ನೂ ಸಂಗೀತ ಅಂತೀರಲ್ಲ! ರಾಗ ಮುಂದ ಇನ್ನೂ ಐತಿ." "ಹೌದು ಬಿಡು, ನಿನಗ ಆಕಿ ಕಾಗದ ಬರದಾಳ," ಎಂದು ಮೂವತ್ತು ವರ್ಷ ನಕ್ಕೆ.

ಇವತ್ತು ಬೆಳಿಗ್ಗೆ ಸದ್ದುಮನೆಯಲ್ಲಿ, ಅಂದರೆ ಹಳೆಯ ಸದ್ದುಗಳನ್ನು ಕಾಯ್ದಿಡುವ ಕಚೇರಿಯಲ್ಲಿ, ನಿಮ್ಮ ಮನೆಯದೇ ಇನ್ನೊಂದು ಸದ್ದು ಸಿಕ್ಕಿತು. ಅದೇ ರಾಗ. ಬೀಳುವ ಜಾಗ ಬಂತು. ಬೀಳಲಿಲ್ಲ! "ಯವ್ವಾ, ದಾಟಿದೆ!" ಎಂದು ನಿಮ್ಮ ಮಗಳು ಕಿರುಚಿದಳು, ರಾಗ ಜಿಗಿದು ಬೇರೆಯೇ ಎತ್ತರಕ್ಕೆ ಹೋಯಿತು. ನಾನು ಚಪ್ಪಲಿ ಮರೆತು ಅಕ್ಕನ ಮನೆಗೆ ಓಡಿದೆ, ಮನೆಯಿಂದ ಪೆಟ್ಟಿಗೆ ಹೊತ್ತುಕೊಂಡು. ಕಸ್ತೂರಕ್ಕನಿಗೆ ಎಂಬತ್ತೆರಡು. "ಮೂರ್ ವರ್ಷ ಬೇಕಾತೇನೋ ನನ್ನ ಕರಿಯಾಕ?" ಎಂದು ತೋಳು ಚಾಚಿದಳು. ಎರಡು ಸ್ವರ ನುಡಿಸುವಷ್ಟರಲ್ಲಿ, "ಮೆತ್ತಗ ಬಡಿಯೋ, ಇದು ತೋಳು, ತಬಲಾ ಅಲ್ಲ!"

ಮಧ್ಯಾಹ್ನ ಓಣಿಯ ಜನರೆದುರು ನುಡಿಸಿದೆವು. ಆ ಜಾಗ ಬಂದಾಗ ನೂರು ಬಾಯಿ "ಥೂ"ಗೆಂದು ತೆರೆದವು. ರಾಗ ದಾಟಿಹೋಯಿತು. ಬಾಯಿಗಳು ಹಾಗೇ ತೆರೆದುಕೊಂಡಿದ್ದವು, ಮೇಡಂ! ನೀಲಾಂಬಿಕೆ ಹೇಳಿದ್ದೇ ಖರೆ ಎಂದು ಎದ್ದು ನಿಂತು ಎಲ್ಲರೆದುರು ಹೇಳಿದೆ.

ಆದರೆ ದಾಟಿದ ಮೇಲೆ ಇಪ್ಪತ್ತೇ ಸ್ವರ. ಅಲ್ಲಿ ನೀವು ಬರುತ್ತೀರಿ. "ಸಾಕು, ಬಂದ್ ಮಾಡು, ರೊಟ್ಟಿ ಆರ್ತಾವ." ಟಕ್ ಎಂದು ಸದ್ದು ನಿಲ್ಲುತ್ತದೆ. ನಾವೂ ಅಲ್ಲೇ ನಿಂತೆವು. ಮುಂದೇನೆಂದು ಇಡೀ ಓಣಿ ನನ್ನನ್ನು ಕೇಳಿತು. ನಾನು ಯಾರನ್ನು ಕೇಳಲಿ?

ಆದ್ದರಿಂದ ನನ್ನ ಒಂದೇ ಕಾಗದವನ್ನು ನಿಮಗೆ ಬರೆದಿದ್ದೇನೆ. ಹಂಬಲ್ ರಿಕ್ವೆಸ್ಟ್: ಮಗಳು "ದಾಟಿದೆ" ಎಂದು ಕಿರುಚಿದ ಸಂಜೆ ಹತ್ತು ನಿಮಿಷ ಅವಳನ್ನು ಕರೆಯಬೇಡಿ. ಮತ್ತೆಲ್ಲಾದರೂ ಸೋತು "ಥೂ" ಅಂದರೂ ಅನ್ನಲಿ, ಅದನ್ನೂ ಕಲಿಯುತ್ತೇವೆ. ರೊಟ್ಟಿ ಆರಿದರೆ ಆರಲಿ, ತಾಯಿ. ಅಕ್ಕ ತೋಳು ಚಾಚಿಕೊಂಡೇ ಕೂತಿದ್ದಾಳೆ.

ಯುವರ್ಸ್ ಫೇತ್‌ಫುಲಿ, ಅಥವಾ ಒಬಿಡಿಯಂಟ್ಲಿ, ಯಾವುದು ಸರಿಯೋ ಅದು,
ಗುರುಸಿದ್ದಪ್ಪ ಹೊಂಬಳ