ಕೆನ್ನೆ ಮುಟ್ಟಬೇಡ, ಅವ್ವಾ

ಗುಂಡ್ಲುಪೇಟೆ
14 ನವೆಂಬರ್ 2008

ನನ್ನ ಅವ್ವನಿಗೆ,

ಸತ್ತವರ ಆರೋಗ್ಯವನ್ನು ಹೇಗೆ ವಿಚಾರಿಸುವುದೋ ಗೊತ್ತಿಲ್ಲ. ಆದರೂ ಕೇಳುತ್ತೇನೆ, ಮಂಡಿ ನೋವು ಹೋಯಿತಾ? ಅಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಅಲ್ಲೂ ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆಯುತ್ತೀಯಾ? ಅಜ್ಜಿಯನ್ನು, ಅದೇ ನಿನ್ನವ್ವ ಸಣ್ಣತಾಯಮ್ಮನನ್ನು, ಉಮ್ಮತ್ತೂರಿನಿಂದ ನಮ್ಮ ಮನೆಗೇ ಕರೆತಂದಿದ್ದೇವೆ. ಕಣ್ಣು ಪೂರ್ತಿ ಮಂಜಾಗಿದೆ. ನೀನು ಹೋದದ್ದನ್ನು ಎಷ್ಟು ಸಲ ಹೇಳಿದರೂ ಮರೆತು, ನನ್ನ ಮಗಳು ಸಿದ್ದಿ ಎಲ್ಲಿ ಎಂದು ಕೇಳುತ್ತಾಳೆ. ಹೇಳಿದ ಪ್ರತಿ ಸಲವೂ ಹೊಸದಾಗಿ ಅಳುತ್ತಾಳೆ. ಅದನ್ನು ನೋಡಲಾರದೆ ಈಗ ಸಂತೆಗೆ ಹೋಗಿದ್ದಾಳೆ ಎನ್ನುತ್ತೇವೆ.

ಇನ್ನು ನನ್ನ ಸುದ್ದಿ. ಚಾಮರಾಜನಗರದಿಂದ ಬರುವಾಗ ಜೀಪು ಮಗುಚಿದ ದಿನ ನೀನು ಹೋದೆ, ನನ್ನ ಬಲಗೆನ್ನೆ ಹೋಯಿತು. ಗಾಯ ಕೀವಾಗಿ, ಒಳಗಿನದೆಲ್ಲ ಕರಗಿ, ನಿಂಬೆಹಣ್ಣು ಕೂರುವಷ್ಟು ಗುಳಿ ಬಿತ್ತು. ಅಂಗನವಾಡಿಯ ಮಕ್ಕಳು ನನ್ನನ್ನು ಕಂಡು ಅತ್ತ ಮೇಲೆ ಕೆಲಸಕ್ಕೆ ಹೋಗುವುದನ್ನೇ ಬಿಟ್ಟೆ. ಮೈಸೂರಿನ ಡಾಕ್ಟರಮ್ಮ ಹೊಟ್ಟೆಯ ಕೊಬ್ಬು ತೆಗೆದು ಕೆನ್ನೆಗೆ ತುಂಬಿದರು. ನಗಬೇಡ, ನೀನೇ ಮುದ್ದೆ ಇಕ್ಕಿ ಬೆಳೆಸಿದ ಹೊಟ್ಟೆ ಅದು. ಕನ್ನಡಿಯಲ್ಲಿ ನೋಡಿದರೆ ನಿನ್ನ ಮುಖವೇ ಬಂದಿತ್ತು! ಆದರೆ ಕೆಲವು ವಾರಗಳಲ್ಲೇ ಕೆನ್ನೆ ಮತ್ತೆ ಇಳಿದುಹೋಯಿತು.

ಹಾಗೆ ತುಂಬಿದ ಕೊಬ್ಬು ಕಿತ್ತು ನೆಟ್ಟ ಸಸಿಯ ಹಾಗಂತೆ. ಸುತ್ತಲಿನಿಂದ ರಕ್ತ ಹರಿದು ಬರುವ ತನಕ ಒತ್ತಬಾರದು, ಒತ್ತಿದರೆ ಸಾಯುತ್ತದೆ. ಆ ಮಗ್ಗುಲಿಗೆ ಮಲಗಿದ್ದೆಯಾ ಎಂದು ಡಾಕ್ಟರಮ್ಮ ಗದರಿದರು. ಇಲ್ಲ ಎಂದೆ. ನಿನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಅವ್ವಾ, ಕೆನ್ನೆ ತುಂಬಿದ ಮೇಲೆ ನೀನು ಬರತೊಡಗಿದ್ದೆ. ಮಧ್ಯಾಹ್ನ ಮಾತ್ರೆಯ ಮಂಪರಿನಲ್ಲಿ ಅಂಗಾತ ಮಲಗಿರುವಾಗ ಎರಡು ಕೈಗಳು ನನ್ನ ಮುಖವನ್ನು ಹಿಡಿದು ಅದುಮುತ್ತಿದ್ದವು. ಎಚ್ಚರವಾದರೆ ಹತ್ತಿರ ಯಾರೂ ಇರುತ್ತಿರಲಿಲ್ಲ, ಕೆನ್ನೆ ಮಾತ್ರ ಬೆಚ್ಚಗಿರುತ್ತಿತ್ತು. ಭಯವಾಗುತ್ತಿತ್ತು. ನಿಜ ಹೇಳಲಾ, ಹಿತವಾಗಿಯೂ ಇರುತ್ತಿತ್ತು.

ಈಗ ಎರಡನೇ ಸಲ ತುಂಬಿದ್ದಾರೆ. ಈ ಸಲವಾದರೂ ಕೊಬ್ಬು ಉಳಿಯಲಿ ಎಂದು ನನ್ನದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಅದಕ್ಕೆ ಬೆರೆಸಿ, ಹನಿಹನಿಯಾಗಿ ಒಳಗೆ ಬಿಟ್ಟಿದ್ದಾರೆ. ಹೊಸ ಪ್ರಯತ್ನ, ಗ್ಯಾರಂಟಿ ಕೊಡಲಾರೆ ಎಂದರು. ನೀನು ಹೋದ ಮೇಲೆ ಸೊರಗಿದ ಈ ಮೈಯಲ್ಲಿ ಮತ್ತೆ ತೆಗೆಯಲು ಏನೂ ಉಳಿದಿಲ್ಲ. ಇದೇ ಕೊನೆ.

ನಿನ್ನೆ ಮತ್ತೆ ಬಂದೆ ನೀನು. ಕೈಮುಗಿಯುತ್ತೇನೆ, ಸ್ವಲ್ಪ ದಿನ ಬರಬೇಡ. ಬಂದರೂ ಬಾಗಿಲಲ್ಲೇ ನಿಂತು ನೋಡಿಕೊಂಡು ಹೋಗು. ಹೆತ್ತವಳಿಗೆ ಬರಬೇಡ ಎಂದು ಬರೆಯುತ್ತಿದ್ದೇನಲ್ಲ ಎಂದು ಸಂಕಟವಾಗುತ್ತಿದೆ. ಆದರೆ ನನಗೆ ಈ ಮುಖ ಬೇಕು ಅವ್ವಾ, ಆ ಮಕ್ಕಳ ಮಧ್ಯೆ ಮತ್ತೆ ಕೂರಬೇಕು.

ನಿನ್ನ ಕಾಲಿಗೆ ಬೀಳುವ
ನಿನ್ನ ಮಗಳು
ತೇಜಸ್ವಿನಿ

ತಾ.ಕ.: ಮೇಲಿನದು ಬೆಳಿಗ್ಗೆ ಬರೆದದ್ದು. ಮಧ್ಯಾಹ್ನ ಮಾತ್ರೆ ನುಂಗದೆ ಸುಮ್ಮನೆ ಕಣ್ಣು ಮುಚ್ಚಿ ಮಲಗಿದ್ದೆ. ಕೈಗಳು ಬಂದವು. ಕಣ್ಣು ಬಿಟ್ಟರೆ ಅಜ್ಜಿ! ಗೋಡೆ ತಡವಿಕೊಂಡು ಬಂದು, ನನ್ನ ಎರಡೂ ಕೆನ್ನೆ ಹಿಡಿದು, "ಬಂದ್ಯಾ ಸಿದ್ದಿ? ಎಲ್ಲಿಗೋಗಿದ್ದೆ ಕಣಮ್ಮಿ ಇಷ್ಟ್ ದಿನ?" ಅಂದಳು. ಮುಖ ತಡವಿಯೇ ಗುರುತು ಹಿಡಿಯುವ ಅವಳಿಗೆ ಗುಳಿ ಬಿದ್ದ ಮುಖದಲ್ಲಿ ನೀನು ಸಿಕ್ಕಿರಲಿಲ್ಲ, ತುಂಬಿದ ಕೆನ್ನೆಯಲ್ಲಿ ಸಿಕ್ಕಿದ್ದೆ. ಸಿದ್ದಿ ಸತ್ತುಹೋದಳು, ಕೈ ತೆಗಿ ಎಂದಿದ್ದರೆ ತೆಗೆಯುತ್ತಿದ್ದಳು. ನಾನು "ಈಗ್ ಬಂದೆ ಕಣವ್ವ" ಅಂದೆ. ಅವಳು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ನಾಳೆಯೂ ಬರುತ್ತಾಳೆ. ಅವ್ವಾ, ಬರಬೇಡ ಎಂದದ್ದನ್ನು ಮರೆತುಬಿಡು. ಬೇಗ ಬಾ, ಬಂದು ಅವಳ ಕೈ ಹಿಡಿದುಕೋ. ನಾನು ಬಿಡಿಸಲಾರೆ.