ಮೆಣಸಿನ ಸಸಿಯ ಕೋಣೆ

ಜನವರಿ 22

ಪ್ರೀತಿಯ ಗುಂಡ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಲಾಂಡ್ರಿಯಲ್ಲಿ ಎಂಟು ಗಂಟೆ ಇಸ್ತ್ರಿಪೆಟ್ಟಿಗೆ ತಳ್ಳಿದ ಕೈಗೆ ಪೆನ್ನು ಹಿಡಿ ಎಂದರೆ ಅದೂ ಮುಷ್ಕರ ಹೂಡುತ್ತದೆ. ನಿನ್ನ ಹಡಗು ಈಗ ಯಾವ ಬಂದರಿನಲ್ಲಿದೆಯೋ, ಇದು ನಿನಗೆ ತಲುಪುವಷ್ಟರಲ್ಲಿ ಇಲ್ಲಿಯ ಸುದ್ದಿ ಹಳಸಿರುತ್ತದೆ. ಹಡಗಿನವರ ಹೊಟ್ಟೆಯೆಲ್ಲ ಸರಿ ಇದೆ ತಾನೆ? ನಿನ್ನ ಅಡುಗೆ ಬಲ್ಲವಳು ನಾನು, ಅದಕ್ಕೇ ಕೇಳಿದೆ.

ಅಪ್ಪ ನಮ್ಮ ಮನೆಗೆ ಬಂದು ಮೂರು ತಿಂಗಳಾಯಿತು. ಅವರು ಇಲ್ಲಿ ನಿಲ್ಲುತ್ತಾರೋ ಇಲ್ಲವೋ ಎನ್ನುವುದೇ ನನಗೆ ಬೆಳಗಾದರೆ ಚಿಂತೆ. ಗಡಿಯಾರದ ಅಂಗಡಿ ಮುಚ್ಚಿದ ಮೇಲೆ ಅವರಿಗೆ ಹೋಗಲು ಬೇರೆ ಜಾಗ ಎಲ್ಲಿದೆ ಹೇಳು? ಆದರೂ ಪೆಟ್ಟಿಗೆಯಿಂದ ಬಟ್ಟೆ ಹೊರಗೆ ತೆಗೆದಿಲ್ಲ. "ಈ ಚಳಿ ನನಗೆ ಆಗಿಬರಲ್ಲ ತಾಯಿ. ಊಟಕ್ಕೆ ಖಾರ ಇಲ್ಲ, ಕೈಗೆ ಕೆಲಸ ಇಲ್ಲ" ಎನ್ನುತ್ತಾರೆ. ಐವತ್ತು ವರ್ಷ ಗಡಿಯಾರ ಬಿಚ್ಚಿ ಜೋಡಿಸಿದ ಕೈ, ಸುಮ್ಮನಿರು ಎಂದರೆ ಇರುತ್ತದೆಯೇ? ಅಂಥ ಹೊತ್ತಿಗೆ ನಿನ್ನ ಲಕೋಟೆಯಿಂದ ಮೆಣಸಿನ ಬೀಜ ಉದುರಿದವು. ನಿನ್ನ ಹೊಟ್ಟೆ ತಣ್ಣಗಿರಲಿ.

ಹಿಂದಿನ ಚಿಕ್ಕ ಕೋಣೆಯನ್ನು ಅಪ್ಪನಿಗೆ ಕೊಟ್ಟಿದ್ದೇವೆ. ಬಿಸಿಲು ಬೀಳುವ ಕಿಟಕಿ, ಗ್ಯಾಸ್ ಹೀಟರು ಎರಡೂ ಒಟ್ಟಿಗೆ ಇರುವುದು ಅಲ್ಲಿ ಮಾತ್ರ. ಕಿಟಕಿಯ ಕೆಳಗೆ ಮೇಜು ಹಾಕಿ, ಮೊಸರಿನ ಡಬ್ಬಿಗಳ ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ ಬೀಜ ಹಾಕಿದೆವು. ಮೊಳಕೆಯೇನೋ ಬಂತು. ಆದರೆ ಆ ಮೇಜಿನ ಪಕ್ಕದ ಗೋಡೆಯಲ್ಲೇ ಗಾಳಿಕಿಂಡಿ ಇದೆ. ಅದರಿಂದ ನುಗ್ಗುವ ಚಳಿಗಾಳಿ ನೇರ ಸಸಿಗಳ ಮೇಲೆ. ಹನ್ನೆರಡು ಸಸಿ, ಬುಡ ಕರಗಿ ಒಂದೊಂದಾಗಿ ಮಲಗಿದವು. ಅಪ್ಪ ಅವನ್ನು ಕಾಗದದಲ್ಲಿ ಸುತ್ತಿ ಎಸೆದು ಬಂದು ಹೇಳಿದರು: "ಇನ್ನೊಂದು ಸಲ ಹಾಕ್ತೀನಿ. ಇವೂ ಹೋದ್ರೆ ನಾನೂ ಹೊರಟೆ."

"ಎಲ್ಲಿಗೆ?" ಎಂದೆ.

"ಎಲ್ಲಿಗಾದ್ರೂ."

ಹೀಟರ್ ರಿಪೇರಿಯವನು ಬಂದಾಗ ಆ ಕಿಂಡಿಯ ವಿಷಯ ಕೇಳಿದೆ. ಅವನು ಸ್ಕ್ರೂ ತಿರುಗಿಸುವುದನ್ನೇ ನಿಲ್ಲಿಸಿದ. "ಅಕ್ಕಾ, ಅದೊಂದನ್ನ ಮಾತ್ರ ಮುಟ್ಟಬೇಡಿ. ಹೀಟರ್ ಉಸಿರಾಡೋದು ಅಲ್ಲಿಂದಲೇ. ಅದನ್ನ ಮುಚ್ಚಿದ್ರೆ ನಿಮ್ಮ ಉಸಿರನ್ನ ತಗೊಳ್ಳುತ್ತೆ" ಎಂದ. ನಿನ್ನ ಭಾವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು, ಅಪ್ಪನಿಗೂ ಬಿಡಿಸಿ ಹೇಳಿದರು. ಲಿಫ್ಟ್ ರಿಪೇರಿ ಮಾಡುವ ಗಂಡಸು, ನಟ್ಟು ಬೋಲ್ಟಿನ ಮಾತೆಂದರೆ ಇವರಿಗೆ ವೇದವಾಕ್ಯ. ಅಪ್ಪ ನಿನ್ನೆ ಎರಡನೇ ಸಲ ಬೀಜ ಹಾಕಿದ್ದಾರೆ. ಇವಾದರೂ ಉಳಿಯಲಿ ಎಂದು ಹಾರೈಸು.

ನಿನ್ನ ಅಕ್ಕ

ಫೆಬ್ರವರಿ 27

ಪ್ರೀತಿಯ ಗುಂಡ,

ಮತ್ತೆ ತಡವಾಯಿತು, ಕ್ಷಮಿಸು. ಈ ಸಲ ನೆಪವಿಲ್ಲ, ಬರೀ ಸೋಮಾರಿತನ. ಬೀಜ ಒಂಬತ್ತೇ ದಿನಕ್ಕೆ ಮೊಳೆತವು. ಕೆಲವು ಮೊಳಕೆ ಬೀಜದ ಸಿಪ್ಪೆಯನ್ನೇ ಟೋಪಿಯ ಹಾಗೆ ಹೊತ್ತುಕೊಂಡು ಎದ್ದವು, ಎಲೆ ಬಿಚ್ಚಲು ಆಗದೆ ಒದ್ದಾಡಿದವು. ಅಪ್ಪ ಪೆಟ್ಟಿಗೆ ತೆರೆದು ತಮ್ಮ ಚಿಮಟ ತೆಗೆದರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದರು, ಒಂದೊಂದೇ ಟೋಪಿ ಕಳಚಿದರು. ನಮ್ಮ ಬುಗುರಿ ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಿಂತಿದ್ದಳು. ಏಳು ವರ್ಷದಲ್ಲಿ ನನ್ನ ಮಗಳು ಒಂದೇ ಜಾಗದಲ್ಲಿ ಐದು ನಿಮಿಷ ನಿಂತದ್ದು ಅದೇ ಮೊದಲು. ಪೆಟ್ಟಿಗೆ ಹೇಗೂ ತೆರೆದಿತ್ತಲ್ಲ, ಅಪ್ಪನ ಅಂಗಿಗಳನ್ನು ನಾನೇ ಕಪಾಟಿಗೆ ಸೇರಿಸಿದೆ. ಅವರು ಬೇಡ ಅನ್ನಲಿಲ್ಲ. ನನಗೆ ಎಷ್ಟು ಸಂತೋಷವಾಯಿತು ಎಂದು ನಿನಗೊಬ್ಬನಿಗೇ ಗೊತ್ತಾಗುತ್ತದೆ.

ಚಳಿಗಾಳಿಯ ಕಾಟ ಈಗಿಲ್ಲ. ಕಿಂಡಿಗೆ ಕಂಬಳಿ ತುಂಡು ತುರುಕಿ, ಮೇಲೊಂದು ಕ್ಯಾಲೆಂಡರ್ ನೇತು ಹಾಕಿದ್ದಾಗಿದೆ. ಇವರಿಗೆ ಗೊತ್ತಿಲ್ಲ, ನೀನೂ ಬರೆಯುವಾಗ ಬಾಯಿಬಿಡಬೇಡ. ಸಸಿಗಳು ಬೆರಳುದ್ದ ಆಗಿವೆ. ಹೊರಗೆ ಹಿಮ ಬೀಳುತ್ತಿದ್ದರೆ ಒಳಗೆ ಕಿಟಕಿಯ ಗಾಜಿನ ಮೇಲೆ ನೀರು ಹರಿಯುತ್ತದೆ, ಅಷ್ಟು ಬೆಚ್ಚಗಿದೆ. ಹೀಟರಿನ ಉರಿ ಮೊದಲು ನೀಲಿ ಇರುತ್ತಿತ್ತು, ಈಗ ಹಳದಿಯಾಗಿದೆ, ಗೋಡೆಗೆ ಒಂದಿಷ್ಟು ಮಸಿ ಹಿಡಿದಿದೆ. ಬುಗುರಿಗೆ ಹಳದಿ ಉರಿಯೇ ಚಂದವಂತೆ.

ಒಂದೇ ಬೇಸರವೆಂದರೆ ಅಪ್ಪನಿಗೆ ತಲೆನೋವು ಬಿಡುತ್ತಿಲ್ಲ. ಕೂತಲ್ಲೇ ತೂಕಡಿಸುತ್ತಾರೆ. ಮೊನ್ನೆ ಚಿಮಟ ಜಾರಿ ಒಂದು ಸಸಿಯ ಕುಡಿ ಮುರಿಯಿತು, ಅಷ್ಟಕ್ಕೇ ಕಣ್ಣಲ್ಲಿ ನೀರು. ಡಾಕ್ಟರು ವಯಸ್ಸು ಎಂದರು, ಕನ್ನಡಕ ಬದಲಾಯಿಸಲು ಹೇಳಿದರು. ಹೊರಗೆ ಒಂದು ಸುತ್ತು ಹೋಗಿ ಬಂದರೆ ತಲೆ ಹಗುರಾಗುತ್ತದಂತೆ, ಆದರೆ ಆ ಚಳಿಯಲ್ಲಿ ಯಾರು ಕಳಿಸುತ್ತಾರೆ? ಬುಗುರಿಯದೂ ಅದೇ ರಾಗ. ಶಾಲೆಯಲ್ಲಿ ಕುಣಿದಾಡುತ್ತಾಳೆ, ಮನೆಗೆ ಬಂದು ಅಜ್ಜನ ಕೋಣೆಯಲ್ಲಿ ಪುಸ್ತಕ ಬಿಚ್ಚಿದರೆ ತಲೆನೋವು, ವಾಂತಿ ಬರುವ ಹಾಗಾಗುತ್ತದೆ ಎನ್ನುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗದರಿಸಿ ಕೂರಿಸಿದೆ. ಅದಕ್ಕೆ ಅವಳೇನಂದಳು ಗೊತ್ತೇ? "ಅಮ್ಮಾ, ಅಜ್ಜನ ರೂಮಲ್ಲಿ ಸಸಿ ಮಾತ್ರ ನೆಟ್ಟಗೆ ನಿಂತಿರುತ್ತೆ. ನಾನು, ಅಜ್ಜ ವಾಲ್ತೀವಿ."

ನಾನು ನಕ್ಕುಬಿಟ್ಟೆ. ಆಮೇಲೆ ಲಾಂಡ್ರಿಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ತಲೆಯೊಳಗೆ ಕೊರೆಯುತ್ತಿತ್ತು. ಯಾಕೋ ಮನಸ್ಸು ಸರಿಯಿಲ್ಲ ಗುಂಡ. ನೀನು ಹುಷಾರಾಗಿರು.

ನಿನ್ನ ಅಕ್ಕ

ಮಾರ್ಚ್ 21

ಗುಂಡ,

ನಿನ್ನ ಕಾಗದ ನಿನ್ನೆ ಬಂತು. "ಅಕ್ಕಾ, ಇದನ್ನು ಓದಿದ ಕೂಡಲೇ ಎದ್ದು ಹೋಗಿ ಆ ಕಂಬಳಿ ಕಿತ್ತು ಹಾಕು" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೀಯ. ಹಡಗಿನ ಒಲೆಯ ಮುಂದೆ ಇರುವವನಿಗೆ ಗೊತ್ತಾದದ್ದು ಮನೆಯೊಳಗಿದ್ದ ನಮಗೆ ಗೊತ್ತಾಗಲಿಲ್ಲ. ಕಾಗದ ಹನ್ನೊಂದು ದಿನ ತಡವಾಯಿತು. ಇಬ್ಬರೂ ಬದುಕಿದ್ದಾರೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಈಗ ಕೂತು ಓದು.

ಅವತ್ತು ಬುಗುರಿಗೆ ನೆಗಡಿ, ಶಾಲೆಗೆ ಕಳಿಸಿರಲಿಲ್ಲ. ಅಜ್ಜನ ಹಾಸಿಗೆಯಲ್ಲಿ ಮಲಗಿಸಿ, ಕೋಣೆಯ ಬಾಗಿಲು ಎಳೆದುಕೊಂಡು ನಾನು ಲಾಂಡ್ರಿಗೆ ಹೋದೆ. ಇವರಿಗೆ ಮಧ್ಯಾಹ್ನ ಆ ಕಡೆಯ ಬೀದಿಯಲ್ಲೇ ಕೆಲಸವಿತ್ತು, ಮಗಳನ್ನು ನೋಡಿ ಹೋಗೋಣ ಎಂದು ಮನೆಗೆ ಬಂದರು. ಅಪ್ಪ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದರಂತೆ, ಕೆನ್ನೆಯ ಕೆಳಗೆ ಮಣ್ಣು. ಹಾಸಿಗೆಯಲ್ಲಿದ್ದ ಬುಗುರಿಯನ್ನು ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಮುಖ ಕೆಂಪಗೆ ಇತ್ತಂತೆ, ಆಟವಾಡಿ ಬಂದವಳ ಹಾಗೆ. ಇವರು ಒಂದು ತೋಳಲ್ಲಿ ಮಗಳನ್ನು ಹೊತ್ತು, ಇನ್ನೊಂದರಲ್ಲಿ ಅಪ್ಪನನ್ನು ಎಳೆದುಕೊಂಡು ಮೆಟ್ಟಿಲಿಗೆ ಬಂದು ಕೂಗಿಕೊಂಡರು.

ಪಕ್ಕದ ಮನೆಯವರ ಫೋನು ಬಂದು ನಾನು ಓಡಿ ಬರುವಷ್ಟರಲ್ಲಿ ಬೀದಿ ತುಂಬ ಜನ. ಅಗ್ನಿಶಾಮಕದವರು ಕಿಟಕಿಗಳನ್ನೆಲ್ಲ ತೆಗೆದಿದ್ದರು. ಅವರಲ್ಲೊಬ್ಬ ವಿಷಗಾಳಿ ಅಳೆಯುವ ಯಂತ್ರ ಹಿಡಿದು ಒಳಗೆ ಹೋದವನು ಕ್ಯಾಲೆಂಡರ್ ಸರಿಸಿ ಕಂಬಳಿ ಎಳೆದು ತಂದ. "ಇದನ್ನ ತುರುಕಿದ್ದು ಯಾರು?" ಎಂದು ಕೇಳಿದ. ಹೊದಿಕೆ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದ ಅಪ್ಪ ಕೈ ಎತ್ತಿದರು. "ನಾನೇ. ಸಸಿಗೆ ಚಳಿಗಾಳಿ ಬಡೀತಿತ್ತು."

ಬುಗುರಿಗೆ ನಾಲ್ಕು ದಿನ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಈಗ ಮನೆಯಲ್ಲಿದ್ದಾಳೆ, ಊಟ ಮಾಡುತ್ತಾಳೆ. ಆದರೆ ಬರೆಯುವಾಗ ಅಕ್ಷರ ಮರೆಯುತ್ತಾಳೆ, ಗೋಡೆ ನೋಡುತ್ತ ಕೂತರೆ ಕೂತಳು. ನಿಧಾನಕ್ಕೆ ಸರಿಹೋಗಬಹುದು ಎಂದಿದ್ದಾರೆ ಡಾಕ್ಟರು. ಆ ಬಹುದು ಎನ್ನುವ ಮಾತನ್ನೇ ಹಿಡಿದು ಬದುಕುತ್ತಿದ್ದೇನೆ. ಅಪ್ಪನ ಕೈ ನಡುಗುತ್ತದೆ, ಲೋಟ ನಿಲ್ಲುವುದಿಲ್ಲ. ಸಸಿಗಳೆಲ್ಲ ತೆರೆದ ಕಿಟಕಿಯ ಚಳಿಗೆ ಅವತ್ತೇ ಹೋದವು. ಅಪ್ಪ ಅವುಗಳ ಸುದ್ದಿ ಕೇಳಲೂ ಇಲ್ಲ.

ಇವರು ಅಪ್ಪನ ಜೊತೆ ಮಾತು ಬಿಟ್ಟಿದ್ದಾರೆ. "ಅಷ್ಟು ಬಿಡಿಸಿ ಹೇಳಿದ್ರೂ ಕೇಳದ ಮನುಷ್ಯನ ಕೈಲಿ ನನ್ನ ಮಗೂನ ಬಿಡಲ್ಲ. ಅವರಿರಬೇಕು, ಇಲ್ಲ ನಾವಿರಬೇಕು" ಎಂದರು. ಹೆತ್ತ ತಂದೆಯ ಕರುಳು, ಏನಂತ ಎದುರಾಡಲಿ? ಊರಾಚೆ ಒಂದು ವೃದ್ಧಾಶ್ರಮ ನೋಡಿದ್ದಾರೆ. ಸೇರಿಸಲು ಮಕ್ಕಳಿಬ್ಬರ ಸಹಿ ಬೇಕಂತೆ. ಫಾರಂ ಇದರ ಜೊತೆಗಿದೆ. ಅಪ್ಪನನ್ನು ಕೇಳಿದ್ದಕ್ಕೆ, "ಆಗಲಿ ತಾಯಿ, ಅಲ್ಲೂ ಕಿಟಕಿ ಇರುತ್ತೆ" ಎಂದರು. ಬುಗುರಿ ಅವರ ಕೋಣೆಯ ಬಾಗಿಲಿಗೆ ಹೋದರೆ ಇವರು ಎತ್ತಿಕೊಂಡು ಬರುತ್ತಾರೆ.

ನೀನು ಚೆನ್ನಾಗಿರು. ನೀರಿನ ಮೇಲಿರುವವನು ನೀನು, ನಿನ್ನನ್ನು ಕಾಯುವ ದೇವರು ಕಣ್ಣು ಮುಚ್ಚದಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಬಾಳು.

ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಕಂಬಳಿ ತುರುಕಿದ್ದು ಅಪ್ಪನಲ್ಲ ಗುಂಡ, ನಾನು. ಲಾಂಡ್ರಿಯಲ್ಲಿ ಎಸೆಯಲು ಇಟ್ಟಿದ್ದ ಹರಕು ಕಂಬಳಿ ಅದು, ನಾನೇ ಕತ್ತರಿಸಿ ತಂದದ್ದು. ಅಪ್ಪ ಎರಡು ಸಲ ಕಿತ್ತು ಹಾಕಿದರು. "ಸಸಿ ಹೋದ್ರೆ ಹೋಗ್ಲಿ, ಆ ರಿಪೇರಿಯವನು ಹೇಳಿದ್ದು ನೆನಪಿಲ್ವಾ?" ಎಂದರು. "ಸಸಿ ಹೋದ್ರೆ ನೀವೂ ಹೊರಡ್ತೀರಲ್ಲ, ನೀವೇ ಹೇಳಿದ್ರಲ್ಲ" ಎಂದು ಜಗಳ ತೆಗೆದು, ಅತ್ತು, ಮೂರನೇ ಸಲ ತುರುಕಿದೆ. "ನಾನೆಲ್ಲೂ ಹೋಗಲ್ಲ ಬಿಡು" ಎಂದರು. ನಾನು ನಂಬಲಿಲ್ಲ. ಆಮೇಲೆ ಅವರು ಅದನ್ನು ಮುಟ್ಟಲಿಲ್ಲ, ನಾನು ಮತ್ತೆ ಅಳುತ್ತೇನೆಂದು.

ಮೆಟ್ಟಿಲ ಹತ್ತಿರ ಆ ಅಗ್ನಿಶಾಮಕದವನು, ತುರುಕಿದ್ದು ಯಾರೆಂದು ಕೇಳಿದಾಗ ಅಪ್ಪ ಮೊದಲು ನನ್ನ ಮುಖ ನೋಡಿದರು, ಆಮೇಲೆ ಇವರ ಮುಖ. ಕೈ ಎತ್ತಿದ್ದು ಆಮೇಲೆ. ನನ್ನ ಬಾಯಿ ತೆರೆಯಲಿಲ್ಲ. ಇವತ್ತಿಗೂ ತೆರೆದಿಲ್ಲ. ಇವರಿಗೆ ಗೊತ್ತಾದರೆ ಮಗಳನ್ನು ನನ್ನ ಹತ್ತಿರವೂ ಬಿಡಲಾರರು ಎಂಬ ಭಯ. ಆಸ್ಪತ್ರೆಯಲ್ಲಿ ಅಪ್ಪನ ಕಾಲು ಹಿಡಿದುಕೊಂಡರೆ, "ನಿನ್ನ ಮನೆ ಉಳೀಲಿ ತಾಯಿ, ನಾನು ಎಲ್ಲಾದ್ರೂ ಇರ್ತೀನಿ" ಎಂದರು.

ಫಾರಂಗೆ ಸಹಿ ಹಾಕಬೇಡ ಎಂದು ಬರೆಯಲು ಲಕೋಟೆ ಬಿಚ್ಚಿದ್ದೆ. ಬರೆಯಲು ಆಗುತ್ತಿಲ್ಲ. ಫಾರಂನ ಕೊನೆಯ ಪುಟ ನೋಡು, ಮಗಳು ಎನ್ನುವ ಸಾಲಿನ ಮುಂದೆ ನನ್ನ ಸಹಿ ಇದೆ.